ಹಿಡಿಸೂಡಿಗೆ ಫ್ರೆಂಚಿನಲ್ಲಿ ಏನೆನ್ನಬೇಕು?

ಕಾಸರಗೋಡು ಪೇಟೆಯಲ್ಲಿ ಅಂಗಡಿಯ ಮೆಟ್ಟಿಲು ಹತ್ತುತ್ತಲೇ "ಅಣ್ಣ, ಒಂದು ಹಿಡಿಸೂಡಿ, ಒಂದು ಬಾಲ್ದಿ ಕೊಡಿ" ಎಂದರೆ ಮುಗಿಯಿತು. ಅಂಗಡಿಯವರ ಮನೆಮಾತು ಮಲಯಾಳವಾದರೆ ಹಿಡಿಸೂಡಿ, ಅಂದರೆ ಪೊರಕೆ, ಚೂಲ್ ಆಗುತ್ತದೆ, ತುಳುವಾದರೆ ಮಾತೇ ತುಳುವಿಗೆ ಹೊರಳುತ್ತದೆ. ನಮಸ್ಕಾರ ಹೇಳಬೇಕಿಲ್ಲ, ದಯವಿಟ್ಟು ಅನ್ನಬೇಕಿಲ್ಲ. ಮರ್ಯಾದೆಯೆಲ್ಲ "ಅಣ್ಣ"ದಲ್ಲೂ "ಕೊಡಿ"ಯ ಕೊನೆಯ ಇಕಾರದಲ್ಲೂ ಸೇರಿಕೊಂಡಿದೆ. ಇದೇ ರೀತಿಯನ್ನು ಫ್ರಾನ್ಸಿನ ಅಂಗಡಿಗೆ ಒಯ್ದರೆ ಅಲ್ಲಿಯವರ ಮುಖ ಗಂಟಿಕ್ಕುತ್ತದೆ. ನಮ್ಮ ಫ್ರೆಂಚ್ ಅರ್ಥವಾಗಲಿಲ್ಲವೇನೋ ಎಂದು ನಾವು ತಿಳಿಯುತ್ತೇವೆ. ನಿಜವಾದ ಕಾರಣ ಬೇರೆ: ನಾವು "ಬೋಂಝೂರ್" ಹೇಳಲಿಲ್ಲ.

ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯಿಂದ ಓದಲೋ ಕೆಲಸಕ್ಕೋ ಫ್ರಾನ್ಸಿಗೆ ಹೊರಟವರು ಒಂದಷ್ಟು ಫ್ರೆಂಚ್ ಕಲಿತೇ ಹೋಗುತ್ತಾರೆ. ತರಗತಿಯಲ್ಲಿ ಹೆಸರು, ಊರು, ಹವೆ, ಹೋಟೆಲಿನ ಊಟ ಇವೆಲ್ಲ ಬರುತ್ತವೆ. ಸಿಂಕ್ ಕಟ್ಟಿಕೊಂಡರೆ, ಬಲ್ಬು ಸುಟ್ಟರೆ, ಕುಕ್ಕರಿನ ರಬ್ಬರು ಹರಿದರೆ ಏನು ಕೇಳಬೇಕು ಎಂಬುದು ಬರುವುದಿಲ್ಲ. ಖಾಲಿ ಬಾಡಿಗೆ ಕೋಣೆಯಲ್ಲಿ ಮೊದಲ ವಾರವೇ ಬೇಕಾಗುವ ಮಾತು ಅದು. ನಮಗೆ ಹತ್ತಿರದ ಹಳೆಯ ಫ್ರೆಂಚ್ ಊರು, ಕಣ್ಣೂರು ದಾಟಿ ಸಿಗುವ ಮಾಹೆ. 1954ರವರೆಗೆ ಅದು ಫ್ರೆಂಚರ ಕೈಯಲ್ಲಿತ್ತು. ಈಗ ಅಲ್ಲಿಯ ಅಂಗಡಿಗಳಲ್ಲಿ ಮಲಯಾಳವೇ ಸಾಕು, ಹಾಗಾಗಿ ಅಭ್ಯಾಸಕ್ಕೆಂದು ಅಲ್ಲಿಗೆ ಹೋಗಿ ಫಲವಿಲ್ಲ.

ಮೊದಲು ಉಚ್ಚಾರ. ಇಂಗ್ಲಿಷಿನ ದಾರಿಯಿಂದ ಫ್ರೆಂಚ್ ಕಲಿತವರು ಟ, ಡ ಹಾಕಿ ಓದುತ್ತಾರೆ. ಅದನ್ನು ಬಿಡಬೇಕು. ಫ್ರೆಂಚಿನ ತ, ದ ನಮ್ಮ ತ, ದಗಳ ಹಾಗೆ ಹಲ್ಲಿನವು. ಪ, ತ, ಕ ಕೂಡ ಉಸಿರು ಸೇರದ ನಮ್ಮ ಅಲ್ಪಪ್ರಾಣಗಳೇ. ಇಲ್ಲಿ ಕನ್ನಡದವರಿಗೆ ಇಂಗ್ಲಿಷರಿಗಿಂತ ಅನುಕೂಲ ಹೆಚ್ಚು. ಪದದ ನಡುವೆಯೋ ಕೊನೆಯಲ್ಲೋ ಇರುವ ಸೊನ್ನೆಯನ್ನು ನ್ ಅಥವಾ ಮ್ ಎಂದು ಮುಚ್ಚಬಾರದು, ಸ್ವರವನ್ನೇ ಮೂಗಿನಿಂದ ಬಿಡಬೇಕು. ಕೊಂಕಣಿ ಮನೆಮಾತಿನವರಿಗೆ ಇದು ಹುಟ್ಟಿನಿಂದಲೇ ಗೊತ್ತು. ಉಳಿದವರು "ಬೋಂ" ಎನ್ನುವಾಗ ತುಟಿ ಕೂಡದ ಹಾಗೆ ನೋಡಿಕೊಂಡರೆ ಸಾಕು. ಇಲ್ಲಿ "ಯು" ಎಂದು ಬರೆದದ್ದು ಒಂದೇ ಸ್ವರ: ನಾಲಗೆ "ಈ"ಗೆ ಇರಲಿ, ತುಟಿ "ಊ"ಗೆ ದುಂಡಗಾಗಲಿ. "ಲ", "ದ", "ಜ" ಎಂಬ ಗಿಡ್ಡ ಪದಗಳ ಕೊನೆಯ ಸ್ವರ ತುಳು ಮಲಯಾಳಗಳ ಅರೆ ಉಕಾರಕ್ಕೆ ಹತ್ತಿರ, ಪೂರ್ತಿ ಅಕಾರವಲ್ಲ. "ಝ" ಎಂದಲ್ಲಿ ಟೆಲಿವಿಷನ್ ಪದದ "ಷ"ದಂಥ ಮೆತ್ತಗಿನ ಧ್ವನಿ, "ಜ಼" ಎಂದಲ್ಲಿ ಜೀಬ್ರಾದ ಧ್ವನಿ. "ನಾನು" ಎಂಬ ಪದವನ್ನು ಓದಲು ಸುಲಭವಾಗಲೆಂದು "ಜ" ಎಂದೇ ಬರೆದಿದ್ದೇನೆ, ಅದನ್ನೂ "ಝ"ದ ಹಾಗೆಯೇ ಹೇಳಬೇಕು.

ಇನ್ನು ಮಾತಿನ ಕ್ರಮ. ಅಂಗಡಿಯೊಳಗೆ ಕಾಲಿಟ್ಟ ಕೂಡಲೇ "ಬೋಂಝೂರ್ ಮಾದಾಮ್" ಅಥವಾ "ಬೋಂಝೂರ್ ಮಸ್ಯೋ". ಸಂಜೆಯಾದ ಮೇಲೆ "ಬೋಂಸ್ವಾರ್". ದೊಡ್ಡ ಸೂಪರ್ ಮಾರ್ಕೆಟಿನ ಬಾಗಿಲಲ್ಲಿ ಯಾರಿಗೂ ಹೇಳಬೇಕಿಲ್ಲ. ಆದರೆ ಕಪಾಟಿನ ನಡುವೆ ಕೆಲಸದವರನ್ನು ಮಾತಾಡಿಸುವಾಗ, ಕೊನೆಗೆ ಗಲ್ಲಾದವರ ಮುಂದೆ ನಿಂತಾಗ ಹೇಳಲೇಬೇಕು. ಮರೆತು ನೇರವಾಗಿ ಕೇಳಿದರೆ ಕೆಲವರು ಉತ್ತರಕ್ಕೆ ಬದಲು ತಾವೇ "ಬೋಂಝೂರ್" ಎಂದು ಒತ್ತಿ ಹೇಳಿ ಸುಮ್ಮನಾಗುತ್ತಾರೆ. ಮೊದಲಿನಿಂದ ಶುರುಮಾಡಿ ಎಂದು ಅದರ ಅರ್ಥ. ಅಣ್ಣ, ಅಕ್ಕ, ಮಾಮ ಎಂಬ ಸಂಬಂಧದ ಕರೆ ಅಲ್ಲಿಲ್ಲ. ಗಲ್ಲಾದಲ್ಲಿ ಇಪ್ಪತ್ತರ ಹುಡುಗ ಕೂತಿದ್ದರೂ ಅವನಿಗೆ "ವೂ", ಅಂದರೆ ನೀವು.

ಬೋಂಝೂರ್ ಆದ ಮೇಲೆ ನಾಲ್ಕು ವಾಕ್ಯಗಳಲ್ಲಿ ಒಂದನ್ನು ಹಿಡಿಯಬಹುದು. "ಜ ಶೆರ್ಶ್" ಎಂದರೆ ಹುಡುಕುತ್ತಿದ್ದೇನೆ. ವಸ್ತು ಕಪಾಟಿನಲ್ಲಿರುವ ಅಂಗಡಿಗೆ ಇದು ಸರಿ. "ಎಸ್ಕ ವೂಜ಼ಾವೇ" ಎಂದರೆ ನಿಮ್ಮಲ್ಲಿ ಇದೆಯೇ. "ಇಲ್ ಮ ಫೋ" ಎಂದರೆ ನನಗೆ ಬೇಕಾಗಿದೆ. ಹಾರ್ಡ್‌ವೇರ್ ಅಂಗಡಿಯ ಕೌಂಟರಿನಲ್ಲಿ ಇದು ಚೆನ್ನಾಗಿ ಹೊಂದುತ್ತದೆ. "ಜ ವೂದ್ರೆ" ಎಂದರೆ ಬೇಕಿತ್ತು. ನಮ್ಮಲ್ಲೂ "ಬೇಕು" ಅನ್ನುವುದಕ್ಕಿಂತ "ಬೇಕಿತ್ತು" ಮೆತ್ತಗೆ ಕೇಳಿಸುತ್ತದಲ್ಲ, ಅಷ್ಟೇ ವ್ಯತ್ಯಾಸ. ನಿಘಂಟಿನಲ್ಲಿ ಬೇಕು ಎನ್ನುವುದಕ್ಕೆ ಸಿಗುವ "ಜ ವೋ"ವನ್ನು ಅಂಗಡಿಯಲ್ಲಿ ಬಳಸಬೇಡಿ, ಮಕ್ಕಳು ಹಟ ಹಿಡಿದ ಹಾಗೆ ಕೇಳಿಸುತ್ತದೆ. ವಾಕ್ಯದ ಕೊನೆಗೆ "ಸಿಲ್ ವೂ ಪ್ಲೆ", ಹೊರಡುವಾಗ "ಮೆರ್ಸಿ, ಬೊನ್ ಝೂರ್ನೇ, ಓ ರವ್ವಾರ್".

ವಸ್ತುವಿನ ಹೆಸರು ಗೊತ್ತಿಲ್ಲದಾಗ ಏನು ಮಾಡುವುದು? ಹೆಚ್ಚಿನವರು ಇಲ್ಲೇ ಸೋತು ಬರಿಗೈಯಲ್ಲಿ ಹಿಂತಿರುಗುತ್ತಾರೆ. ಮನೆಸಾಮಾನಿನ ಹೆಸರುಗಳು ಸಾವಿರ, ಅಷ್ಟನ್ನೂ ಬಾಯಿಪಾಠ ಮಾಡಿ ಹೋಗುವುದಕ್ಕಾಗದು. ಕೆಲಸದ ಹೆಸರುಗಳು ಮಾತ್ರ ಕಡಿಮೆ: ತೊಳೆ, ಒರೆಸು, ಕತ್ತರಿಸು, ತೆರೆ, ಅಂಟಿಸು, ನೇತುಹಾಕು, ಒಣಗಿಸು. ಆದ್ದರಿಂದ ವಸ್ತುವನ್ನು ಬಿಟ್ಟು ಕೆಲಸವನ್ನು ಹೇಳಿ. "ಕೆಲ್ಕ ಶೋಜ಼್ ಪೂರ್" ಎಂದರೆ "ಇಂಥ ಕೆಲಸಕ್ಕೆ ಏನಾದರೂ". ಆಡುಮಾತಿನಲ್ಲಿ "ಅಂ ತ್ರ್ಯುಕ್ ಪೂರ್". ಅದರ ಮುಂದೆ ಕ್ರಿಯಾಪದ. "ಪೂರ್ ಲಾವೇ ಲ ಸೋಲ್", ನೆಲ ತೊಳೆಯಲು. "ಪೂರ್ ದೆಬೂಶೇ ಲೆವ್ಯೇ", ಕಟ್ಟಿದ ಸಿಂಕ್ ಬಿಡಿಸಲು. "ಪೂರ್ ಎತಾಂದ್ರ್ ಲ ಲ್ಯಾಂಝ್", ಬಟ್ಟೆ ಹರವಲು. "ಪೂರ್ ಊವ್ರೀರ್ ಲೆ ಬ್ವಾತ್", ಡಬ್ಬಿ ತೆರೆಯಲು. ಕೇಳಿದವರು ವಸ್ತುವಿನ ಹೆಸರನ್ನು ತಾವೇ ಹೇಳಿ ಕಪಾಟಿನ ಕಡೆ ಕರೆದೊಯ್ಯುತ್ತಾರೆ. ಆ ಹೆಸರನ್ನು ಅಲ್ಲೇ ಒಮ್ಮೆ ಹೇಳಿಸಿಕೊಂಡು ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಹೀಗೆ ಸಿಕ್ಕ ಪದ ಮರೆತುಹೋಗುವುದಿಲ್ಲ.

ಲಿಂಗದ ವಿಷಯಕ್ಕೆ ಹೆದರುವವರು ಬಹಳ. ಕನ್ನಡದಲ್ಲಿ ಬಾಲ್ದಿಯೂ ಚಮಚವೂ "ಅದು". ಫ್ರೆಂಚಿನಲ್ಲಿ ಬಾಲ್ದಿ ಗಂಡು, ಸೌಟು ಹೆಣ್ಣು. ಕೊಂಕಣಿ, ಮರಾಠಿ ಬಲ್ಲವರಿಗೆ ಇದು ಹೊಸತಲ್ಲ. ಉಳಿದವರು "ಒಂದು" ಎನ್ನಲು ಗಂಡಿನ "ಅಂ" ಹೇಳಬೇಕಾದಲ್ಲಿ ಹೆಣ್ಣಿನ "ಯುನ್" ಎಂದರೂ ವಸ್ತು ಸಿಗುತ್ತದೆ, ಅದಕ್ಕಾಗಿ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಬಾರದು. ಪುಡಿ, ದ್ರವಗಳಿಗೆ ಸುಲಭದ ಉಪಾಯವೊಂದಿದೆ: ವಸ್ತುವಿನ ಬದಲು ಅದರ ಕಟ್ಟನ್ನೋ ಬಾಟ್ಲಿಯನ್ನೋ ಎಣಿಸಿ. "ಅಂ ಪಾಕೆ ದ" ಎಂದರೆ ಒಂದು ಪೊಟ್ಟಣ, "ಯುನ್ ಬೂತೆಯ್ ದ" ಒಂದು ಬಾಟ್ಲಿ, "ಅಂ ರೂಲೋ ದ" ಒಂದು ಸುರುಳಿ, "ಅಂ ಬಿದೋಂ ದ" ಒಂದು ಕ್ಯಾನ್, "ಯುನ್ ಬ್ವಾತ್ ದ" ಒಂದು ಪೆಟ್ಟಿಗೆ. ಈ ಐದರ ಲಿಂಗ ಕಲಿತರೆ "ದ"ದ ಮುಂದೆ ಬರುವ ವಸ್ತುವಿನ ಲಿಂಗ ಯೋಚಿಸಬೇಕಿಲ್ಲ.

ಈಗ ಹಿಡಿಸೂಡಿ. ಫ್ರೆಂಚಿನಲ್ಲಿ ಕಸ ಗುಡಿಸುವ ಸಾಧನಕ್ಕೆ "ಬಾಲೆ". ನಮ್ಮ ತೆಂಗಿನ ಕಡ್ಡಿಯ ಹಿಡಿಸೂಡಿ ಅಲ್ಲಿ ಸಿಗದು. ಉದ್ದ ಕೋಲಿನ ಬ್ರಷ್ಷೇ ಅವರ ಪೊರಕೆ. ಮೊದಲ ಸಲ ಕೊಳ್ಳುವವರು ತಪ್ಪುವುದು ಒಂದೇ ಕಡೆ: ಬ್ರಷ್ಷಿನ ತಲೆ ಮತ್ತು ಕೋಲನ್ನು ಎಷ್ಟೋ ಅಂಗಡಿಗಳಲ್ಲಿ ಬೇರೆ ಬೇರೆಯಾಗಿ ಮಾರುತ್ತಾರೆ. ಅಗ್ಗವೆಂದು ತಲೆ ಮಾತ್ರ ಹಿಡಿದು ಬಂದರೆ ಬಗ್ಗಿ ಗುಡಿಸಬೇಕಾಗುತ್ತದೆ. ಕೋಲಿಗೆ "ಮಾಂಶ್". "ಆವೆಕ್ ಲ ಮಾಂಶ್?" ಎಂದು ಕೇಳಿ, ಕೋಲು ಸೇರಿಯೇ ಎಂದು ಅರ್ಥ. ನಾರಿನದು ಬೇಕಾದರೆ "ಬಾಲೆ ಕೊಕೊ" ಕೇಳಬಹುದು. ಅದು ನಮ್ಮ ತೆಂಗಿನ ನಾರಿನದೇ. ಬಾಗಿಲ ಕಾಲೊರೆಸಿಗೆ "ಪಾಯಾಸೋಂ", ಅದರಲ್ಲೂ ತೆಂಗಿನ ನಾರಿನದು ಅಲ್ಲಿ ಧಾರಾಳ. ಕಸದ ಮೊರ ಹಾಗೂ ಸಣ್ಣ ಬ್ರಷ್ ಜೊತೆಯಾಗಿ ಬೇಕಾದರೆ "ಪೆಲ್ ಎ ಬಾಲೆಯೆತ್".

ಬಾಲ್ದಿಗೆ "ಸೋ". ನೆಲ ಒರೆಸುವ ಬಟ್ಟೆಗೆ "ಸೆರ್ಪಿಯೇರ್", ಬರವಣಿಗೆಯಲ್ಲಿ ಲಕಾರಗಳು ಕಾಣುತ್ತವೆ, ಬಾಯಲ್ಲಿ ಇಲ್ಲ. ನೀರು ಎಳೆಯುವ ರಬ್ಬರಿನ ವೈಪರಿಗೆ "ರಾಕ್ಲೆತ್". ಕರಗಿಸಿ ತಿನ್ನುವ ಒಂದು ಚೀಸಿಗೂ ಅದೇ ಹೆಸರು. ಅದಕ್ಕೇ "ರಾಕ್ಲೆತ್ ಪೂರ್ ಲ ಸೋಲ್" ಎಂದು ನೆಲವನ್ನೂ ಸೇರಿಸಿ ಹೇಳಿ. ಪಾತ್ರೆ ತಿಕ್ಕುವ ಸ್ಪಂಜಿಗೆ "ಎಪೋಂಝ್", ಪಾತ್ರೆಯ ಸೋಪಿನ ನೀರಿಗೆ "ಲಿಕೀದ್ ವೆಸೆಲ್", ಬಟ್ಟೆಯ ಸೋಪಿಗೆ "ಲೆಸೀವ್". "ಸಾವೋಂ" ಎಂದರೆ ಕೈ ಮೈ ತೊಳೆಯುವ ಸಾಬೂನು. ನಮ್ಮ ಸಾಬೂನು, ಅವರ ಸಾವೋಂ ಎರಡರ ಮೂಲವೂ ಲ್ಯಾಟಿನ್ನಿನ ಒಂದೇ ಪದ. ಬಟ್ಟೆಗೆಂದು ಸಾವೋಂ ಕೇಳಿದರೆ ಕೈತೊಳೆಯುವುದನ್ನೇ ತೋರಿಸುತ್ತಾರೆ. ಬಾರ್ ಸೋಪಿನಲ್ಲಿ ಕೈಯಿಂದಲೇ ಒಗೆದು ರೂಢಿಯಿದ್ದರೆ "ಸಾವೋಂ ದ ಮಾರ್ಸೆಯ್" ಕೇಳಿ. ಮೇಲೆ 72% ಎಂದು ಒತ್ತಿರುವ ಗಟ್ಟಿ ಕಟ್ಟು ಅದು. ಲೆಸೀವ್ ಕಪಾಟಿನ ಪಕ್ಕದಲ್ಲೇ ಅಂಥದೇ ಬಾಟ್ಲಿಯಲ್ಲಿ "ಆದೂಸಿಸಾಂ" ಇರುತ್ತದೆ. ಅದು ಬಟ್ಟೆ ಮೆದುಮಾಡುವ ದ್ರವ, ಕೊಳೆ ತೆಗೆಯದು. ಬಣ್ಣ ನೋಡಿ ಎತ್ತಿಕೊಂಡವರು ವಾರಗಟ್ಟಲೆ ಅದರಲ್ಲೇ ಒಗೆಯುವುದುಂಟು.

ಪ್ಯಾರಿಸಿನ ನೀರಿನಲ್ಲಿ ಸುಣ್ಣ ಹೆಚ್ಚು. ಕೆಟಲಿನ ತಳದಲ್ಲೂ ನಲ್ಲಿಯ ಬಾಯಲ್ಲೂ ಬಿಳಿ ಪದರ ಕಟ್ಟುತ್ತದೆ, ಅದಕ್ಕೆ "ಕಾಲ್ಕೆರ್" ಎನ್ನುತ್ತಾರೆ. ತೆಗೆಯಲು ಅಗ್ಗದ ದಾರಿ "ವಿನೆಗ್ರ್ ಬ್ಲಾಂ", ಬಿಳಿ ವಿನೆಗರ್. ಬಾತ್ರೂಮಿನ ಕಲೆಗೆ, ಪಾಯಿಖಾನೆಗೆ "ಓ ದ ಝಾವೆಲ್" ಎಂಬ ಬ್ಲೀಚ್ ಸಿಗುತ್ತದೆ. ಇವೆರಡನ್ನು ಒಟ್ಟಿಗೆ ಸುರಿಯಲೇಬಾರದು. ಬ್ಲೀಚಿಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿಯಿಲ್ಲದ ಸಣ್ಣ ಬಾತ್ರೂಮಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಸುಣ್ಣದ ಪದರ ತೆಗೆಯುವ "ದೆತಾರ್ತ್ರಾಂ" ಎಂಬ ದ್ರವಗಳೂ ಆಮ್ಲವೇ. ಫ್ರೆಂಚ್ ಲೇಬಲ್ ಓದಲು ಬಾರದಿದ್ದರೆ ಒಂದು ದಿನಕ್ಕೆ ಒಂದೇ ದ್ರವ ಬಳಸಿ, ನಡುವೆ ಚೆನ್ನಾಗಿ ನೀರು ಹಾಯಿಸಿ.

ಕಸದ ಚೀಲಕ್ಕೆ "ಸಾಕ್ ಪೂಬೆಲ್". ಕಸದ ತೊಟ್ಟಿಗೆ ಪೂಬೆಲ್ ಎಂಬ ಹೆಸರು ಬಂದದ್ದು ಒಬ್ಬ ಅಧಿಕಾರಿಯಿಂದ. 1883-84ರಲ್ಲಿ ಪ್ಯಾರಿಸಿನ ಮನೆಮಾಲಕರು ಕಸಕ್ಕೆ ಮುಚ್ಚಳದ ಡಬ್ಬ ಇಡಬೇಕೆಂದು ಆಜ್ಞೆ ಹೊರಡಿಸಿದವರು ಯೂಜೆನ್ ಪೂಬೆಲ್. ಚೀಲ ಕೊಳ್ಳುವಾಗ ಲೀಟರ್ ಹೇಳಲೇಬೇಕು. ಅಡುಗೆಮನೆಯ ಡಬ್ಬಕ್ಕೆ 30 ಲೀಟರ್ "ತ್ರಾಂತ್ ಲೀತ್ರ್", ದೊಡ್ಡದಕ್ಕೆ 50 ಲೀಟರ್ "ಸ್ಯಾಂಕಾಂತ್ ಲೀತ್ರ್".

ಬಟ್ಟೆಯ ಹೆಸರುಗಳಲ್ಲಿ ಎರಡು ಗುಂಡಿಗಳಿವೆ. "ಶಿಫೋಂ" ಎಂದರೆ ಅಲ್ಲಿ ಧೂಳು ಒರೆಸುವ ಚಿಂದಿ, ಸೀರೆಯ ಯೋಚನೆಯನ್ನು ಬಿಟ್ಟುಬಿಡಿ. "ಸೆರ್ವಿಯೆತ್" ಒಂದೇ ಪದ ಬೈರಾಸಿಗೂ, ಊಟದ ಮೇಜಿನಲ್ಲಿ ಕೈಬಾಯಿ ಒರೆಸುವ ಬಟ್ಟೆಗೂ, ಮುಟ್ಟಿನ ಪ್ಯಾಡಿಗೂ ಸಲ್ಲುತ್ತದೆ. ಸ್ನಾನದ ಬೈರಾಸಿಗೆ "ಸೆರ್ವಿಯೆತ್ ದ ಬ್ಯಾಂ", ಮೇಜಿನದಕ್ಕೆ "ದ ತಾಬ್ಲ್", ಪ್ಯಾಡಿಗೆ "ಇಝ್ಯೆನಿಕ್" ಸೇರಿಸಿ. ಪಾತ್ರೆ ಒರೆಸುವ ಬಟ್ಟೆ "ತೋರ್ಶೋಂ", ಕಾಗದದ ಸುರುಳಿ "ಎಸ್ವಿತೂ".

ಅಡುಗೆಮನೆಗೆ ಬರೋಣ, ನಮ್ಮವರಿಗೆ ಹೆಚ್ಚು ಕಷ್ಟವಾಗುವುದು ಇಲ್ಲೇ. ಒಲೆ ಯಾವುದೆಂದು ತಿಳಿಯದೆ ಪಾತ್ರೆ ಕೊಳ್ಳಬೇಡಿ. ಗ್ಯಾಸ್ ಇರುವ ಬಾಡಿಗೆ ಕೋಣೆಗಳಿವೆ, ಕರೆಂಟಿನ ಕಾಯಿಲ್ ಕಾಯುವ ಗಾಜಿನೊಲೆ ಇರುವವೂ ಇವೆ, ಇಂಡಕ್ಷನ್ ಇರುವವೂ ಇವೆ. ಇಂಡಕ್ಷನ್ ಆದರೆ ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟಬೇಕು. ಊರಿನಿಂದ ಹೊತ್ತುಕೊಂಡು ಹೋದ ಮಾಮೂಲಿ ಅಲ್ಯುಮಿನಿಯಂ ಕುಕ್ಕರು ಅದರ ಮೇಲೆ ಬಿಸಿಯೇ ಆಗದು. ಹೊರಡುವ ಮೊದಲೇ ಫ್ರಿಜ್ಜಿನ ಅಯಸ್ಕಾಂತ ತಳಕ್ಕೆ ಹಿಡಿದು ನೋಡಿದರೆ ಮೂರು ಕಿಲೋ ತೂಕ ಉಳಿಯುತ್ತದೆ. ಅಂಗಡಿಯಲ್ಲಿ ಕೇಳಬೇಕಾದ ಮಾತು "ಸ ಮಾರ್ಶ್ ಸ್ಯುರ್ ಆ್ಯಂದ್ಯುಕ್ಸ್ಯೋಂ?" ಇಂಡಕ್ಷನ್ ಮೇಲೆ ನಡೆಯುತ್ತದೆಯೇ ಎಂದು.

ಬಾಣಲೆಯಂಥ ಚಪ್ಪಟೆ ಪಾತ್ರೆಗೆ "ಯುನ್ ಪ್ವಾಲ್". ಲಿಂಗ ಮುಖ್ಯವಾಗುವ ಅಪರೂಪದ ಪದ ಇದು: "ಅಂ ಪ್ವಾಲ್" ಎಂದರೆ ಸೌದೆ ಉರಿಸಿ ಮನೆ ಬಿಸಿಮಾಡುವ ಒಲೆಯಾಗುತ್ತದೆ. "ಕಾಸ್ರೋಲ್" ಇನ್ನೊಂದು ಮೋಸದ ಪದ. ನಮಗೆ ಕ್ಯಾಸರೋಲ್ ಎಂದರೆ ಚಪಾತಿ ಬಿಸಿಯಾಗಿಡುವ ಡಬ್ಬ, ಅವರಿಗೆ ಉದ್ದ ಹಿಡಿಯ ಹಾಲು ಕಾಯಿಸುವ ಪಾತ್ರೆ. ಅನ್ನ, ಸಾಂಬಾರಿಗೆ ಎರಡು ಕಿವಿಯ ಎತ್ತರದ ಪಾತ್ರೆ ಬೇಕಾದರೆ "ಫೆತೂ". ಮುಚ್ಚಳ "ಕೂವೆರ್ಕ್ಲ್", ಅದನ್ನೂ ಎಷ್ಟೋ ಸಲ ಬೇರೆಯಾಗಿಯೇ ಮಾರುತ್ತಾರೆ, ಪಾತ್ರೆಯ ವ್ಯಾಸ ಸೆಂಟಿಮೀಟರಿನಲ್ಲಿ ನೆನಪಿರಲಿ. ಸೌಟು "ಲೂಶ್", ಕರಿದದ್ದನ್ನು ಎತ್ತುವ ತೂತಿನ ಸೌಟು "ಎಕ್ಯುಮ್ವಾರ್", ಅನ್ನ ಬಸಿಯುವ ತೂತಿನ ಪಾತ್ರೆ "ಪಾಸ್ವಾರ್".

ದೋಸೆಯ ಕಾವಲಿಗೆ ಫ್ರೆಂಚರಲ್ಲಿ ಉತ್ತರವಿದೆ, ಅದೂ ಒಳ್ಳೆಯ ಉತ್ತರ. ಅವರ ಕ್ರೆಪ್ ಕೂಡ ತೆಳ್ಳಗಿನ ಹಿಟ್ಟಿನ ದೋಸೆಯೇ. ಅದನ್ನು ಎರೆಯುವ ಅಂಚು ತಗ್ಗಿದ ಚಪ್ಪಟೆ ಕಾವಲಿಗೆ "ಕ್ರೆಪಿಯೇರ್" ಎನ್ನುತ್ತಾರೆ. 25ರಿಂದ 28 ಸೆಂಟಿಮೀಟರಿನದು ಸಾಮಾನ್ಯ. ನೀರ್ದೋಸೆಗೆ ಅಂಟದ ಲೇಪನದ್ದು ಸಾಕು. ಉದ್ದಿನ ದೋಸೆ ಗರಿಗರಿಯಾಗಬೇಕಾದರೆ "ಆಂ ಫೋಂತ್" ಎಂದು ಕೇಳಿ, ಅಂದರೆ ಬೀಡು ಕಬ್ಬಿಣದ್ದು. ಹೊಸದಾದ ಬೀಡಿನ ಕಾವಲಿಯನ್ನು ನಮ್ಮಲ್ಲಿಯ ಹಾಗೆಯೇ ಎಣ್ಣೆ ಕಾಯಿಸಿ ಪಳಗಿಸಬೇಕು. ಗಾಜಿನ ಒಲೆಯ ಮೇಲೆ ಅದನ್ನು ಎಳೆದಾಡಿದರೆ ಗಾಜು ಗೀರುತ್ತದೆ, ಆ ದುರಸ್ತಿಯ ಹಣ ಮನೆ ಬಿಡುವಾಗ ಮುಂಗಡದಿಂದ ಹೋಗುತ್ತದೆ.

ಕುಕ್ಕರಿಗೆ ಸಾಮಾನ್ಯ ಹೆಸರು "ಓತೋಕ್ವಿಜ಼ರ್". ಜನರ ಬಾಯಲ್ಲಿ "ಕೊಕೊತ್ ಮಿನ್ಯುತ್", ಅದು 1953ರಿಂದ ಕುಕ್ಕರ್ ಮಾರುತ್ತಿರುವ ಸೆಬ್ ಕಂಪೆನಿಯ ಹೆಸರು, ಎಲ್ಲ ಕುಕ್ಕರಿಗೂ ಅಂಟಿಕೊಂಡಿದೆ. ರಬ್ಬರು ಸುತ್ತಿಗೆ "ಝ್ವ್ಯಾಂ". ಅದನ್ನು ಕೊಳ್ಳಲು ಹಳೆಯ ಸುತ್ತನ್ನೇ ಒಯ್ಯಿರಿ, ಲೀಟರ್ ಹಾಗೂ ಕುಕ್ಕರಿನ ಮೇಲೆ ಒತ್ತಿದ ಮಾದರಿಯ ಹೆಸರನ್ನೂ ಬರೆದುಕೊಳ್ಳಿ. ನಮ್ಮ ಕಂಪೆನಿಗಳ ಕುಕ್ಕರಿಗೆ ಅಲ್ಲಿಯ ಸುತ್ತು ಕೂರುವುದಿಲ್ಲ, ಒತ್ತಾಯದಿಂದ ಕೂರಿಸಿದರೆ ಹಬೆ ಬದಿಯಿಂದ ಹೊರಡುತ್ತದೆ. ಎರಡು ಹೆಚ್ಚುವರಿ ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಊರಿನಿಂದಲೇ ಒಯ್ಯುವುದು ಜಾಣತನ.

ಹೆರೆಮಣೆಗೆ ಮಾತ್ರ ಪದವಿಲ್ಲ. "ಪೂರ್ ರಾಪೇ ಲಾ ನ್ವಾ ದ ಕೊಕೊ" ಎಂದರೆ ತೆಂಗಿನಕಾಯಿ ತುರಿಯಲು ಎಂದು ಅವರಿಗೆ ಅರ್ಥವಾಗುತ್ತದೆ, ಕೈಗೆ ಬರುವುದು ಚೀಸ್ ತುರಿಯುವ "ರಾಪ್". ಗಡಿಯೊಡೆದ ಕಾಯಿಗೆ ಅದು ಆಗದು, ಚಿಪ್ಪು ಬಿಡಿಸಿ ಹೋಳು ಮಾಡಿ ತುರಿಯಬೇಕು. ಪ್ಯಾರಿಸಿನಲ್ಲಿದ್ದರೆ ಗಾರ್ ದ್ಯು ನೋರ್ ನಿಲ್ದಾಣದ ಬೆನ್ನಿಗಿರುವ ಲಾ ಶಾಪೆಲ್ ಕೇರಿಗೆ ಹೋಗಿ. ಶ್ರೀಲಂಕಾದ ತಮಿಳರ ಅಂಗಡಿಗಳ ಸಾಲೇ ಅಲ್ಲಿದೆ, ಇಡ್ಲಿ ತಟ್ಟೆ, ಕುಸುಬಲಕ್ಕಿ, ಕರಿಬೇವು ಎಲ್ಲ ಅಲ್ಲಿ ಹುಡುಕಬಹುದು. ಮಲಯಾಳ ಕೇಳಿ ಬೆಳೆದ ಕಾಸರಗೋಡಿನ ಕಿವಿಗೆ ಅಲ್ಲಿಯ ತಮಿಳು ಅರ್ಧಕ್ಕರ್ಧ ತಿಳಿದೀತು. ತೆಂಗಿನಹಾಲಿನ ಡಬ್ಬಿ ಕೊಂಡರೆ ಅದನ್ನು ತೆರೆಯಲು "ಊವ್ರ್ ಬ್ವಾತ್" ಬೇಕು.

"ಬಾತ್ರೀ ದ ಕ್ವಿಜ಼ೀನ್" ಎಂಬ ಫಲಕ ನೋಡಿ ಬ್ಯಾಟರಿ ಇರುವುದೆಂದು ಹೋಗಬೇಡಿ, ಅದು ಅಡುಗೆ ಪಾತ್ರೆಗಳ ಸೆಟ್ಟು. ಗಡಿಯಾರದ, ರಿಮೋಟಿನ ಸೆಲ್ಲಿಗೆ "ಪೀಲ್". ಎಎ ಅಳತೆಯದನ್ನು ಎಲ್‌ಆರ್6 ಎಂದೂ, ಎಎಎ ಅಳತೆಯದನ್ನು ಎಲ್‌ಆರ್03 ಎಂದೂ ಪೊಟ್ಟಣದ ಮೇಲೆ ಬರೆದಿರುತ್ತದೆ.

ಬಲ್ಬಿಗೆ "ಆಂಪೂಲ್". ಮೆಡಿಕಲ್ ಅಂಗಡಿಯಲ್ಲಿ ಅದೇ ಪದಕ್ಕೆ ಕಾಲಿನ ಬೊಬ್ಬೆ ಎಂದರ್ಥ. ನಮ್ಮ ಮನೆಗಳ ಬಲ್ಬು ಎರಡು ಮೊಳೆಯ ಬಿ22, ಒತ್ತಿ ತಿರುಗಿಸುವುದು. ಅಲ್ಲಿ ಹೆಚ್ಚಾಗಿ ಸ್ಕ್ರೂವಿನ ಮರೆಯಂತೆ ಸುತ್ತುವ ಇ27, ಸಣ್ಣ ದೀಪಗಳಿಗೆ ಇ14. ಹಳೆಯ ಮನೆಗಳಲ್ಲಿ ಬಿ22 ಈಗಲೂ ಕಾಣುತ್ತದೆ, ಆದ್ದರಿಂದ ಸುಟ್ಟ ಬಲ್ಬನ್ನು ಬಿಚ್ಚಿ ನೋಡದೆ ಹೋಗಬಾರದು. ಬುಡಕ್ಕೆ "ಕ್ಯುಲೋ", ಸುತ್ತುವುದು "ಆ ವೀಸ್", ಒತ್ತುವುದು "ಆ ಬಾಯೊನೆತ್". ಇ27ನ್ನು ಫ್ರೆಂಚರು "ಅ ವ್ಯಾಂತ್ ಸೆತ್" ಎಂದು ಓದುತ್ತಾರೆ, ಅವರ ಇ ಅಕ್ಷರದ ಹೆಸರೇ "ಅ". ಹಳದಿ ಬೆಳಕಿಗೆ 2700 ಕೆಲ್ವಿನ್, "ಬ್ಲಾಂ ಶೋ". ನಮ್ಮ ಟ್ಯೂಬ್‌ಲೈಟಿನ ಬಿಳಿಗೆ 6500ರ ಹತ್ತಿರದ್ದು.

ವಿದ್ಯುತ್ತು ಅಲ್ಲೂ 230 ವೋಲ್ಟ್, 50 ಹರ್ಟ್ಸ್, ಹಾಗಾಗಿ ಮಿಕ್ಸಿ ಸುಡುವುದಿಲ್ಲ. ತೊಂದರೆ ಪಿನ್ನಿನದು. ನಮ್ಮ ಮೂರು ಪಿನ್ ಅಲ್ಲಿಯ ಸಾಕೆಟ್ಟಿಗೆ ಹೋಗದು. ಅಲ್ಲಿ ಅರ್ತಿನ ಕಡ್ಡಿ ಸಾಕೆಟ್ಟಿನಿಂದಲೇ ಹೊರಗೆ ಚಾಚಿರುತ್ತದೆ. "ಅಂ ಆದಾಪ್ತಾತರ್ ಪೂರ್ ಯುನ್ ಪ್ರೀಜ಼್ ಆ್ಯಂದ್ಯೆನ್" ಎಂದರೆ ಭಾರತದ ಪ್ಲಗ್ಗಿಗೆ ಅಡಾಪ್ಟರ್. ಅಲ್ಲಿಯ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಫ್ರಾನ್ಸಿನಿಂದ ಹೊರದೇಶಕ್ಕೆ ಹೋಗುವವರ ಅಡಾಪ್ಟರ್. ನಮಗೆ ಬೇಕಾದದ್ದು ಅದರ ತಿರುವುಮುರುವು, ಊರಲ್ಲೇ ಕೊಂಡು ಹೋಗಿ. ಅರ್ತ್ ಇಲ್ಲದ ಸಣ್ಣ ಅಡಾಪ್ಟರಿಗೆ ಇಸ್ತ್ರಿಪೆಟ್ಟಿಗೆ, ಕೆಟಲ್ ಹಾಕಬೇಡಿ. ಅವನ್ನು ಅಲ್ಲೇ ಕೊಳ್ಳುವುದು ಕ್ಷೇಮ. ಹಲವು ತೂತಿನ ಬೋರ್ಡಿಗೆ "ಮ್ಯುಲ್ತಿಪ್ರೀಜ಼್", ಉದ್ದ ವಯರಿಗೆ "ರಾಲೋಂಝ್". 16 ಆಂಪಿಯರಿನ ಬೋರ್ಡಿನ ಮಿತಿ 3680 ವಾಟ್, ಅಂದರೆ 2000 ವಾಟಿನ ಕೆಟಲೂ ಅಷ್ಟೇ ವಾಟಿನ ಹೀಟರೂ ಒಟ್ಟಿಗೆ ಹಾಕಿದರೆ ಮೀರಿತು.

ನಲ್ಲಿ, ಪೈಪಿನ ಸಾಮಾನಿಗೆ "ಕ್ಯಾಂಕಾಯ್ರೀ" ಎಂಬ ಹಾರ್ಡ್‌ವೇರ್ ಅಂಗಡಿಯೋ, ಲರ್ವಾ ಮೆರ್ಲ್ಯಾಂನಂಥ ದೊಡ್ಡ ಮಳಿಗೆಯೋ ಆಗಬೇಕು. ನಮ್ಮ ಪ್ಲಂಬರ್ "ಅರ್ಧ ಇಂಚು" ಎನ್ನುವುದನ್ನು ಅವರು ಇಂಚಿನಲ್ಲಿ ಹೇಳುವುದಿಲ್ಲ. ಅರ್ಧ ಇಂಚಿನ ಮರೆ ಅಲ್ಲಿ 15/21, "ಕ್ಯಾಂಜ಼್ ವ್ಯಾಂತೆ ಅಂ". ಮುಕ್ಕಾಲು ಇಂಚು 20/27, ಸಿಂಕಿನ ನಲ್ಲಿಯ ಕೆಳಗಿನ ಸಣ್ಣ ಮರೆ ಹೆಚ್ಚಾಗಿ 12/17. ಈ ಸಂಖ್ಯೆಗಳು ಗೊತ್ತಿದ್ದರೆ ಅರ್ಧ ಮಾತು ಉಳಿಯಿತು. ಪಾಯಿಖಾನೆಗೆ ಹ್ಯಾಂಡ್ ಶವರ್ ಬೇಕೆಂದರೆ "ದೂಶೆತ್ ಇಝ್ಯೆನಿಕ್". ಅದರ ಪೈಪಿನ ಮರೆಯೂ ಸಾಮಾನ್ಯವಾಗಿ 15/21. ಇಂಥ ಅಂಗಡಿಗೆ ಕೆಟ್ಟುಹೋದ ತುಂಡನ್ನೇ ಹಿಡಿದು ಹೋಗಿ "ಇಲ್ ಮ ಫೋ ಲ ಮೆಮ್" ಎಂದರೆ ಇದರಂಥದ್ದೇ ಬೇಕು ಎಂದಾಯಿತು. ಸಣ್ಣ ಅಂಗಡಿಗಳನ್ನು ಮಧ್ಯಾಹ್ನ 12ರಿಂದ 2ರವರೆಗೆ ಮುಚ್ಚುವುದುಂಟು, ಭಾನುವಾರ ರಜೆ, ಕೆಲವಕ್ಕೆ ಸೋಮವಾರವೂ.

ಹಾಸಿಗೆಯ ಬಟ್ಟೆಗೆ ಅಳತೆಯೇ ಮಾತು. ಒಬ್ಬರ ಹಾಸಿಗೆ 90×190, ಇಬ್ಬರದು 140×190 ಸೆಂಟಿಮೀಟರ್ ಸಾಮಾನ್ಯ. ಅಂಚಿಗೆ ಎಲಾಸ್ಟಿಕ್ ಇರುವ ಹಾಸು "ದ್ರಾ ಊಸ್", ರಜಾಯಿ "ಕ್ವೆತ್", ಅದರ ಗವಸು "ಊಸ್ ದ ಕ್ವೆತ್", ತಲೆದಿಂಬು "ಒರೆಯೇ". ದಿಂಬು ಎಷ್ಟೋ ಕಡೆ 65×65ರ ಚೌಕ, ಊರಿನ ದಿಂಬಿನ ಕವರು ಅದಕ್ಕೆ ಹಿಡಿಸದು.

ಕೇಳುವುದು ಬಂದರೂ ಉತ್ತರ ತಿಳಿಯದೆ ನಿಲ್ಲುವವರಿದ್ದಾರೆ. ಉತ್ತರಗಳು ಹೆಚ್ಚಿಲ್ಲ. "ರೆಯೋಂ" ಎಂದರೆ ಮಳಿಗೆಯ ವಿಭಾಗ. "ಓ ಫೋಂ" ಕೊನೆಯಲ್ಲಿ, "ಆ ಗೋಶ್" ಎಡಕ್ಕೆ. ಈಗ ಚೆನ್ನಾಗಿ ಕೇಳಿಸಿಕೊಳ್ಳಬೇಕಾದದ್ದು: "ಆ ದ್ರ್ವಾತ್" ಎಂದರೆ ಬಲಕ್ಕೆ, "ತೂ ದ್ರ್ವಾ" ಎಂದರೆ ನೇರಕ್ಕೆ. ನಡುವೆ ಇರುವುದು ಒಂದು ತ್ ಮಾತ್ರ. ಇನ್ನೊಂದು, "ಯಾನಾ ಪ್ಲ್ಯು" ಎಂದರೆ ಮುಗಿದಿದೆ. ಅದೇ ಪದದ ಕೊನೆಗೆ ಸ್ ಕೇಳಿಸಿ "ಪ್ಲ್ಯುಸ್" ಆದರೆ "ಹೆಚ್ಚು". ತಲೆಯಾಡಿಸುವುದನ್ನೂ ನೋಡಿಕೊಂಡರೆ ಸಂಶಯ ಉಳಿಯದು.

ಬೆಲೆ ಕೇಳಲು "ಸೆ ಕೋಂಬ್ಯಾಂ?" ಚೌಕಾಸಿ ಅಂಗಡಿಯಲ್ಲಿ ಇಲ್ಲ, ಬೀದಿಯ ಹಳೆ ಸಾಮಾನಿನ ಸಂತೆಯಲ್ಲಿ ಮಾತ್ರ. ಬೆಲೆಚೀಟಿಯಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, 2,50 ಎಂದರೆ ಎರಡೂವರೆ ಯುರೋ. ಎಪ್ಪತ್ತಕ್ಕೆ ಅವರು ಅರವತ್ತು ಹತ್ತು, "ಸ್ವಾಸಾಂತ್ ದೀಸ್" ಎನ್ನುತ್ತಾರೆ, ಎಂಬತ್ತಕ್ಕೆ ನಾಲ್ಕು ಇಪ್ಪತ್ತು, "ಕಾತ್ರ ವ್ಯಾಂ", ತೊಂಬತ್ತಕ್ಕೆ ನಾಲ್ಕು ಇಪ್ಪತ್ತು ಹತ್ತು. ಹಾಗಾಗಿ "ಕಾತ್ರ" ಕೇಳಿದ ಕೂಡಲೇ ನಾಲ್ಕು ಯುರೋ ಎಣಿಸಬೇಡಿ, ಮಾತು ಮುಗಿಯಲಿ. ಬೆಲ್ಜಿಯಂ, ಸ್ವಿಜರ್ಲೆಂಡಿನವರು ಎಪ್ಪತ್ತಕ್ಕೆ "ಸೆಪ್ತಾಂತ್", ತೊಂಬತ್ತಕ್ಕೆ "ನೊನಾಂತ್" ಎನ್ನುತ್ತಾರೆ, ಅದು ಸರಳ.

ಗಲ್ಲಾದಲ್ಲಿ "ಅಂ ಸಾಕ್?" ಎಂದು ಕೇಳುವುದು ಚೀಲ ಬೇಕೇ ಎಂದು, ಅದಕ್ಕೆ ದುಡ್ಡು ಬೇರೆ. 2023ರ ಆಗಸ್ಟ್ 1ರಿಂದ ಬಿಲ್ಲಿನ ಕಾಗದವನ್ನು ತಾವಾಗಿ ಮುದ್ರಿಸಿ ಕೊಡುವುದಿಲ್ಲ. "ಲ ತಿಕೆ, ಸಿಲ್ ವೂ ಪ್ಲೆ" ಎಂದು ಕೇಳಿ ಪಡೆಯಿರಿ. ಮರೆ ಹೊಂದದಿದ್ದರೆ, ಮುಚ್ಚಳ ಸಣ್ಣದಾದರೆ ಅದಿಲ್ಲದೆ ಬದಲಾಯಿಸುವುದು ಕಷ್ಟ. ಸರಿಯಾಗಿಯೇ ಇರುವ ವಸ್ತುವನ್ನು ವಾಪಸು ತೆಗೆದುಕೊಳ್ಳಬೇಕೆಂಬ ಕಟ್ಟುಪಾಡು ಅಂಗಡಿಗಿಲ್ಲ, ಹೆಚ್ಚಿನವರು ತೆಗೆದುಕೊಳ್ಳುತ್ತಾರೆ ಅಷ್ಟೇ. ಹೊಸ ವಸ್ತುವಿನಲ್ಲಿ ದೋಷವಿದ್ದರೆ ಮಾತ್ರ ಎರಡು ವರ್ಷ ಕಾನೂನಿನ ಖಾತರಿ ಇದೆ. ಬದಲಾಯಿಸಲು ಹೋದಾಗಲೂ ಕ್ರಮ ಅದೇ: ಮೊದಲು "ಬೋಂಝೂರ್ ಮಾದಾಮ್", ಆಮೇಲೆ "ಜ ವೂದ್ರೆ ಎಶಾಂಝೇ ಸ, ಸೆ ತ್ರೋ ಪೆತಿ", ಇದನ್ನು ಬದಲಾಯಿಸಬೇಕಿತ್ತು, ತುಂಬ ಸಣ್ಣದಾಯಿತು. ದೊಡ್ಡದಾಯಿತೆಂದರೆ "ತ್ರೋ ಗ್ರಾಂ".